ಮೊಸರು ಹೆಪ್ಪಾಗುತ್ತಿದ್ದ ಮೂಲೆ

ಆ ಚಳಿಗಾಲದಲ್ಲಿ ನಮ್ಮ ಹಾಲ್‌ನಲ್ಲಿ ಸದಾ ಒಂದು ಗುಂಯ್ ಎನ್ನುವ ಸದ್ದು ಇರುತ್ತಿತ್ತು. ತೀರಾ ಸಣ್ಣದು. ಟೀವಿ ಆರಿಸಿ, ಕಿಟಕಿ ಮುಚ್ಚಿ, ನನ್ನ ಯಜಮಾನರು ಊಟದ ಮೇಲೆ ಒಂದು ಗಳಿಗೆ ಮಾತು ನಿಲ್ಲಿಸಿದರೆ ಮಾತ್ರ ಕೇಳಿಸುವಷ್ಟು. ಫ್ರಿಜ್ಜಿನದು ಅಂದುಕೊಂಡಿದ್ದೆ. ಫ್ರಿಜ್ಜಿಗೂ ನಮ್ಮಂತೆಯೇ ವಯಸ್ಸಾಗಿತ್ತು, ಅದು ಗೊಣಗಿದರೆ ಯಾರೂ ಎದ್ದು ಹೋಗಿ ನೋಡುತ್ತಿರಲಿಲ್ಲ. ಈಗ ಆ ಸದ್ದಿಲ್ಲ. ಆದರೂ ಒಮ್ಮೊಮ್ಮೆ ಭಾನುವಾರ ಮಧ್ಯಾಹ್ನ ನನ್ನ ಕಿವಿ ತಾನಾಗಿಯೇ ಅದನ್ನು ಹುಡುಕುತ್ತದೆ.

ನನ್ನ ಕಿವಿಯನ್ನು ಸರ್ಕಾರವೇ ಸಂಬಳ ಕೊಟ್ಟು ಪಳಗಿಸಿತ್ತು. ನಾನು ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವಳು. ಒಂದೂರಿಂದ ಇನ್ನೊಂದೂರಿಗೆ ಮಾತಾಡಬೇಕೆಂದರೆ ಜನ ಮೊದಲೇ ಕಾಲ್ ಬುಕ್ ಮಾಡಿ ಕಾಯಬೇಕಿದ್ದ ಕಾಲ ಅದು. ಉದ್ದನೆಯ ಬೋರ್ಡಿನ ಮುಂದೆ ಸಾಲಾಗಿ ಕುಳಿತ ಹುಡುಗಿಯರು ನಾವು. ದೀಪ ಹತ್ತಿದ ಕಡೆ ವೈರು ಚುಚ್ಚಿ, "ನಂಬರ್ ಪ್ಲೀಸ್" ಎಂದು ಕೇಳಿ, ಮದರಾಸಿನ ಮಾವನನ್ನೂ ಹಲಸೂರಿನ ಅಳಿಯನನ್ನೂ ಸೇರಿಸುತ್ತಿದ್ದೆವು. ಪ್ರತಿಯೊಬ್ಬರ ಜಾಗಕ್ಕೂ ಒಂದು ನಂಬರು. ನನ್ನದು ಏಳು, ಪಕ್ಕದವಳದು ಎಂಟು. ಸೂಪರ್‌ವೈಸರ್ ನಮ್ಮನ್ನು ಕರೆಯುತ್ತಿದ್ದದ್ದೇ ಹಾಗೆ. ಕೆಲಸ ಬಿಟ್ಟು ಎಷ್ಟೋ ವರ್ಷವಾದ ಮೇಲೂ ನಾನು ಅವಳಿಗೆ ಸೆವೆನ್, ಅವಳು ನನಗೆ ಎಯ್ಟ್.

ಎಯ್ಟ್ ಶಿವಾಜಿನಗರದವಳು. ಅವಳ ತಂದೆಗೆ ಅಲ್ಲಿ ಚರ್ಮದ ಚೀಲಗಳ ಅಂಗಡಿ ಇತ್ತು. ನಾವಿಬ್ಬರೂ ಒಂದೇ ಕಾನ್ವೆಂಟಿನಲ್ಲಿ ಓದಿದವರು. ಅಲ್ಲಿನ ಸಿಸ್ಟರುಗಳಿಗೆ ಗಣಿತಕ್ಕಿಂತ ಎಲೊಕ್ಯೂಷನ್ ಮುಖ್ಯ. ಬಾಯಿ ಪೂರ್ತಿ ತೆರೆದು, ಒಂದೊಂದು ಅಕ್ಷರಕ್ಕೂ ಅದರ ಮರ್ಯಾದೆ ಕೊಟ್ಟು ಮಾತಾಡಬೇಕು. ಸಾಲದ್ದಕ್ಕೆ ಕೈಯಲ್ಲಿ ಚಿಕ್ಕ ಕನ್ನಡಿ ಹಿಡಿಸಿ ನಮ್ಮ ತುಟಿಗಳನ್ನು ನಾವೇ ನೋಡಿಕೊಳ್ಳುವಂತೆ ಮಾಡುತ್ತಿದ್ದರು. ಆಗ ನಗು ಬರುತ್ತಿತ್ತು. ಆ ಬಾಯಿಯೇ ನಮಗೆ ಎಕ್ಸ್‌ಚೇಂಜಿನಲ್ಲಿ ಕೆಲಸ ಕೊಡಿಸಿತು. ಮುಂದೆ ಇನ್ನೊಂದಕ್ಕೂ ಒದಗಿತು.

ಗಂಡ ತೀರಿಕೊಂಡ ಮೇಲೆ ಎಯ್ಟ್ ವಾಣಿಯಂಬಾಡಿಗೆ, ತಂಗಿಯ ಮನೆಗೆ ಹೋದಳು. ಮೊದಮೊದಲು ನಾನು ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಟ್ರೈನ್ ಹತ್ತಿ ಅವಳನ್ನು ನೋಡಿಬರುತ್ತಿದ್ದೆ. ಆಮೇಲೆ ನನ್ನ ಮಂಡಿಗಳು ಸ್ಟೇಷನ್ನಿನ ಮೆಟ್ಟಿಲಿಗೆ ಬೆನ್ನು ತಿರುಗಿಸಿದವು. ಅದೇ ಹೊತ್ತಿಗೆ ಅವಳ ಕಿವಿ ಹೋಗತೊಡಗಿತು. ಒಂದು ಲೈನಿನ ಗೊರಗೊರದಲ್ಲೂ ಪಕ್ಕದ ಲೈನಿನವರ ಜಗಳ ಕೇಳಿಸಿಕೊಂಡು ನನಗೆ ವರದಿ ಒಪ್ಪಿಸುತ್ತಿದ್ದ ಕಿವಿ ಅದು. ಹಿಯರಿಂಗ್ ಏಡ್ ಹಾಕಿಕೊಂಡರೆ ಮಾತಿನ ಬದಲು ಶಿವಾಜಿನಗರದ ಬಸ್‌ ಸ್ಟ್ಯಾಂಡೇ ತಲೆಯೊಳಗೆ ಬಂದು ನಿಲ್ಲುತ್ತದೆ ಎಂದು ತೆಗೆದು ಡಬ್ಬಿಗೆ ಹಾಕಿಟ್ಟಳು. ಬಾಯಿ ಮಾತ್ರ ಮೊದಲಿನಂತೆಯೇ ಇತ್ತು.

ಹಾಗಾಗಿ ಭಾನುವಾರ ಊಟವಾದ ಮೇಲೆ ವಿಡಿಯೋ ಕಾಲ್. ನಾನು ಟ್ಯಾಬನ್ನು ಡೈನಿಂಗ್ ಟೇಬಲ್ಲಿನ ಸಕ್ಕರೆ ಡಬ್ಬಿಗೆ ಒರಗಿಸಿ ಇಡುತ್ತಿದ್ದೆ. ಅವಳು ನನ್ನ ತುಟಿ ನೋಡಿ ಮಾತು ತಿಳಿದುಕೊಂಡು ತನ್ನ ಗಂಟಲಿನಿಂದಲೇ ಉತ್ತರ ಕೊಡುತ್ತಿದ್ದಳು. ತುಟಿ ಚೆನ್ನಾಗಿ ಕಾಣಲಿ ಎಂದು ನಾನು ಭಾನುವಾರಗಳಂದು ಲಿಪ್‌ಸ್ಟಿಕ್ ಹಾಕಿಕೊಳ್ಳಲು ಶುರುಮಾಡಿದೆ. ಮದುವೆಯ ದಿನವೂ ಹಾಕಿಕೊಳ್ಳದ ಗಾಢ ಮರೂನ್ ಬಣ್ಣ, ಕಮರ್ಷಿಯಲ್ ಸ್ಟ್ರೀಟಿನಲ್ಲಿ ತಂದದ್ದು.

"ಏನ್ ಮೇಡಂ, ಮ್ಯಾಟಿನಿ ಷೋಗಾ?" ಎನ್ನುತ್ತಿದ್ದರು ಯಜಮಾನರು.

"ನಿಮಗಲ್ಲ ರೀ, ಸುಮ್ನೆ ಕೂತ್ಕೊಳಿ."

ಒಂದು ಭಾನುವಾರ ಎಯ್ಟ್ ಒಂದು ಮಾತು ಹೇಳಿದಳು. "ಬೇರೆಯವ್ರದು ಬರೀ ತುಟಿ ಓದ್ತೀನಿ ಕಣೇ. ನಿಂದು ಹಂಗಲ್ಲ. ನಿನ್ನ ಬಾಯಿ ಅಲ್ಲಾಡಿದ್ರೆ ನಂಗೆ ನಿನ್ನ ವಾಯ್ಸೇ ಕೇಳ್ಸುತ್ತೆ. ಅಷ್ಟು ವರ್ಷ ಪಕ್ಕದಲ್ಲೇ ಕೂತು ಬಡ್ಕೊಂಡಿದೀಯಲ್ಲ, ಒಳಗೆ ಸ್ಟಾಕ್ ಇದೆ."

ಹೀಗಿರುವಾಗ ಡಿಸೆಂಬರಿನ ಹೊತ್ತಿಗೆ ಲೈನು ಕೆಟ್ಟಿತು. ನನ್ನ ಟ್ಯಾಬಿನಲ್ಲಿ ಅವಳು ಸ್ವಚ್ಛವಾಗಿ ಕಾಣುತ್ತಿದ್ದಳು, ಅವಳ ಹಿಂದಿನ ಹಸಿರು ಪರದೆ ಫ್ಯಾನಿನ ಗಾಳಿಗೆ ಅಲುಗುವುದೂ ಕಾಣುತ್ತಿತ್ತು. ಆದರೆ ಅವಳ ಕಡೆ ನಾನು ನಿಂತುಹೋಗುತ್ತಿದ್ದೆ.

"ಮತ್ತೆ ಫೋಟೋ ಆದೆ, ಸೆವೆನ್. ಬಾಯಿ ತೆರ್ಕೊಂಡು ಕೂತಿದೀಯ, ಡೆಂಟಿಸ್ಟ್ ಹತ್ರ ಕೂತಂಗೆ."

ನಾನು ಕೈ ಬೀಸುತ್ತಿದ್ದೆ, ಅವಳಿಗೆ ಕಾಣುತ್ತಿರಲಿಲ್ಲ. ಕಟ್ ಮಾಡಿ ಮತ್ತೆ ಮಾಡಿದರೆ ಎರಡು ಮಾತಿಗೆ ಮತ್ತೆ ಫೋಟೋ. ಕ್ರಿಸ್‌ಮಸ್ ಕಳೆಯಿತು, ಹೊಸ ವರ್ಷ ಬಂತು, ಹಾಗೆಯೇ ಇತ್ತು. ಒಂದು ಭಾನುವಾರ ಅವಳು ತಮಾಷೆ ಮಾಡಲಿಲ್ಲ. ನಿಂತುಹೋದ ನನ್ನ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ, "ನಕ್ಕೋ ಬಿಡು," ಎಂದಳು. ಬೇಡ ಬಿಡು ಎನ್ನುವುದಕ್ಕೆ ಅವಳ ಮನೆಮಾತು ಅದು. "ಇನ್ಮೇಲೆ ಬರ್ದು ಕಳ್ಸು, ಓದ್ಕೊತೀನಿ."

"ಬರೆದದ್ರಲ್ಲಿ ವಾಯ್ಸ್ ಬರುತ್ತಾ?" ಎಂದೆ. ಅವಳಿಗೆ ಹೇಗೆ ತಿಳಿಯಬೇಕು? ಅವಳು ತನ್ನಷ್ಟಕ್ಕೆ ಹೇಳುತ್ತಲೇ ಹೋದಳು. "ಹೋದ ವಾರ ನಿನ್ನ ವಾಯ್ಸ್ ನೆನಪು ಮಾಡ್ಕೊಳಕ್ಕೆ ಕೂತೆ ಕಣೇ. ಬರ್ಲೇ ಇಲ್ಲ. ಸುಮ್ನೆ ಈ ಫೋಟೋ ನೋಡ್ತಾ ಕೂತ್ರೆ ಇರೋದೂ ಅಳಿಸಿ ಹೋಗುತ್ತೆ ಅನ್ಸುತ್ತೆ."

ಟ್ಯಾಬ್ ಮುಚ್ಚಿದೆ. ಜೀವನವಿಡೀ ಜನರನ್ನು ಸೇರಿಸಿದವಳು ನಾನು. ನನ್ನದೇ ಒಂದು ಕಾಲ್ ಸೇರುತ್ತಿಲ್ಲ ಎಂದರೆ ಸುಮ್ಮನೆ ಕೂರುವುದೆ?

"ಅವ್ರ ಊರಲ್ಲೇ ನೆಟ್ ಸರಿ ಇಲ್ಲ," ಎಂದರು ಯಜಮಾನರು, ಪೇಪರಿನ ಹಿಂದಿನಿಂದ.

"ಅವಳ ಕಡೆಯಿಂದ ಬರೋದು ಚೆನ್ನಾಗೇ ಬರ್ತಾ ಇದೆ ರೀ. ನಮ್ಮ ಕಡೆಯಿಂದ ಹೋಗೋದು ಹೋಗ್ತಿಲ್ಲ. ಇದು ಒನ್-ವೇ. ಫಾಲ್ಟ್ ಇರೋದು ನಮ್ಮಲ್ಲೇ."

ಎಕ್ಸ್‌ಚೇಂಜಿನಲ್ಲಿ ಇಂಥದ್ದನ್ನು ಸಾಕಷ್ಟು ನೋಡಿದ್ದೆ. ಒಬ್ಬರಿಗೆ ಇನ್ನೊಬ್ಬರ ಮಾತು ಕೇಳಿಸುತ್ತದೆ, ಆ ಕಡೆಯವರು ಮಾತ್ರ ಹಲೋ ಹಲೋ ಎನ್ನುತ್ತಲೇ ಇರುತ್ತಾರೆ. ಬರುವ ದಾರಿಯೇ ಬೇರೆ, ಹೋಗುವ ದಾರಿಯೇ ಬೇರೆ. ತಂತಿ ಹೋಗಿ ಇಂಟರ್ನೆಟ್ ಬಂದರೂ ಅಷ್ಟು ಮಾತ್ರ ಬದಲಾಗಿರಲಾರದು ಎಂದು ನನಗೆ ಗಟ್ಟಿಯಾಗಿ ಅನ್ನಿಸಿತು.

ಇಂಟರ್ನೆಟ್ ಕೊಟ್ಟವರಿಗೆ ಫೋನ್ ಮಾಡಿದೆ. ಕಂಪನಿಯಿಂದ ಒಬ್ಬರು ಬಂದರು. ನಡುವಯಸ್ಸಿನವರು, ಹೆಲ್ಮೆಟ್ಟನ್ನು ಕಂಕುಳಲ್ಲಿಯೇ ಇಟ್ಟುಕೊಂಡು ಮಾತಾಡುವ ಅವಸರದ ಮನುಷ್ಯ. ತಮ್ಮ ಫೋನಿನಲ್ಲಿ ನೆಟ್ಟಿನ ವೇಗ ಅಳೆಯುವ ಒಂದು ಮುಳ್ಳು ತೋರಿಸಿದರು. ಸ್ಕೂಟರಿನ ಸ್ಪೀಡೋಮೀಟರಿನಂತೆ ಅದು ಸರ್ರನೆ ಬಲಕ್ಕೆ ಏರಿತು.

"ನೋಡಿ ಮೇಡಂ, ಫುಲ್ ಸ್ಪೀಡ್. ನಮ್ ಕಡೆ ಏನೂ ಪ್ರಾಬ್ಲಂ ಇಲ್ಲ."

"ಇದು ಬರೋದು. ಹೋಗೋದು ತೋರ್ಸಿ."

"ಹೋಗೋದು ಯಾರೂ ಕೇಳಲ್ಲ ಮೇಡಂ. ಎಲ್ರೂ ಸಿನಿಮಾ ನೋಡೋರೇ."

"ನಾನು ಕೇಳ್ತಿದೀನಲ್ಲ."

ಅವರು ನಿಟ್ಟುಸಿರು ಬಿಟ್ಟು ಇನ್ನೊಂದು ಮುಳ್ಳು ತೋರಿಸಿದರು. ಅದು ಎಡಗಡೆ ಬಿದ್ದುಕೊಂಡೇ ಇತ್ತು, ಒಮ್ಮೆ ಮಿಸುಕಾಡಿ ಮತ್ತೆ ಮಲಗಿತು. ಅವರು ಗೋಡೆ ದಪ್ಪ ಎಂದರು, ಮೆಟ್ರೋ ಹತ್ತಿರ ಎಂದರು, ಹಳೇ ಏರಿಯಾ ಎಂದರು. ಪ್ಲಾನ್ ಚೇಂಜ್ ಮಾಡಿಸಿ ಎಂದು ಹೇಳಿ ಹೆಲ್ಮೆಟ್ ಹಾಕಿಕೊಂಡು ಹೊರಟರು. ನಾನು ಬೇಸರ ಮಾಡಿಕೊಳ್ಳಲಿಲ್ಲ. ಆ ಮುಳ್ಳನ್ನು ನನ್ನ ಫೋನಿನಲ್ಲೂ ಹಾಕಿಸಿಕೊಂಡಿದ್ದೆ. ನನಗೆ ಬೇಕಾಗಿದ್ದದ್ದು ಅದೇ. ಟೆಸ್ಟ್ ಮಾಡುವ ಸಾಧನ ಕೈಯಲ್ಲಿದ್ದರೆ ಫಾಲ್ಟ್ ಎಲ್ಲಿಗೂ ಓಡಿಹೋಗುವುದಿಲ್ಲ.

ಮರುದಿನ ಬೆಳಗ್ಗೆ ಕಾಫಿ ಮುಗಿಸಿ, ಸೆರಗು ಸಿಕ್ಕಿಸಿ, ಕೆಲಸಕ್ಕೆ ನಿಂತೆ. ನಮ್ಮ ಎಕ್ಸ್‌ಚೇಂಜಿನ ಪದ್ಧತಿ ಸರಳವಾದದ್ದು. ಬೋರ್ಡಿನಲ್ಲಿ ತೊಂದರೆ ಇದ್ದರೆ ಊಹಿಸಬಾರದು, ವಾದ ಮಾಡಬಾರದು. ಒಂದೊಂದೇ ವೈರು ತೆಗೆ, ಟೆಸ್ಟ್ ಮಾಡು, ಮುಂದಕ್ಕೆ ಹೋಗು. ಯಾವುದನ್ನು ತೆಗೆದಾಗ ಲೈನು ಉಸಿರಾಡುತ್ತದೋ ಅದೇ ಕಳ್ಳ.

ಯಜಮಾನರ ಫೋನ್ ಆರಿಸಿದೆ. ಮುಳ್ಳು ಏಳಲಿಲ್ಲ. ಟ್ಯಾಬ್ ಆರಿಸಿದೆ. ಏಳಲಿಲ್ಲ. ಟೀವಿಯ ಪ್ಲಗ್ಗನ್ನೇ ಕಿತ್ತೆ.

"ಲೇ, ಮ್ಯಾಚ್ ಇದೆ ಕಣೇ!"

"ಫಾಲ್ಟ್ ರಿಪೇರಿ ಆಗ್ತಿದೆ. ದಯವಿಟ್ಟು ಕಾಯಿರಿ," ಎಂದೆ, ಹಳೆಯ ಡ್ಯೂಟಿ ದನಿಯಲ್ಲಿ. ಮುಳ್ಳು ಏಳಲಿಲ್ಲ.

ಈಗ ಮನೆಯಲ್ಲಿ ಉಳಿದದ್ದು ನನ್ನ ಫೋನು, ಮತ್ತು ಕಿಟಕಿಯ ಪಕ್ಕ ಗೋಡೆಗೆ ಹೊಡೆದಿದ್ದ ಇಂಟರ್ನೆಟ್ ಡಬ್ಬಿ. ಅದರ ಕೆಳಗೆ ಕುರ್ಚಿ ಎಳೆದುಕೊಂಡು ಕುಳಿತೆ. ಡಬ್ಬಿಯ ಮೇಲೆ ಹಸಿರು ದೀಪಗಳ ಸಾಲು. ದೀಪಗಳನ್ನು ನೋಡುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಟೀವಿಯ ವೈರಿನ ದೀಪ ಆರಿತ್ತು. ಅದರ ಪಕ್ಕದ್ದು ಮಾತ್ರ ಪಟಪಟ ಪಟಪಟ ಮಿನುಗುತ್ತಿತ್ತು, ಯಾರೋ ಉಸಿರು ಬಿಡದೆ ಮಾತಾಡುತ್ತಿರುವ ಹಾಗೆ. ದೀಪ ಮಿನುಗುತ್ತಿದ್ದರೆ ಲೈನಿನಲ್ಲಿ ಯಾರೋ ಇದ್ದಾರೆ. ಅದರಲ್ಲಿ ಎರಡು ಮಾತಿಲ್ಲ.

ಆ ವೈರಿನ ಮೇಲೆ ಬೆರಳಿಟ್ಟು ಹಿಂಬಾಲಿಸಿದೆ. ಕಿಟಕಿಯ ಕೆಳಗೆ ಇಳಿದು, ಸೋಫಾದ ಹಿಂದೆ ನುಸುಳಿ, ಅದು ಹಾಲ್‌ನ ಮೂಲೆಗೆ ಹೋಯಿತು. ಅಲ್ಲಿ ಯಜಮಾನರ ಕಂಪ್ಯೂಟರ್ ಟೇಬಲ್. ಕಂಪ್ಯೂಟರಿನ ಮೇಲೆ ನಾನೇ ಹೆಣೆದ ಕ್ರೋಷಾ ಬಟ್ಟೆ. ಕೆಳಗೆ, ಕಂಪ್ಯೂಟರಿನ ಪೆಟ್ಟಿಗೆಗೆ ತಾಗಿದಂತೆ, ನನ್ನ ಮೊಸರಿನ ಪಾತ್ರೆ.

ಈ ಮೊಸರಿನ ವಿಷಯ ಹೇಳಬೇಕು. ಬೆಂಗಳೂರಿನ ಡಿಸೆಂಬರಿನಲ್ಲಿ ಹಾಲು ಹೆಪ್ಪಾಗುವುದು ಕಷ್ಟ. ಆ ವರ್ಷ ಪಾತ್ರೆಯನ್ನು ಅಡಿಗೆಮನೆಯಲ್ಲಿ ಅಲ್ಲಿ ಇಟ್ಟೆ, ಇಲ್ಲಿ ಇಟ್ಟೆ, ಆಗಲಿಲ್ಲ. ಒಂದು ಸಲ ಜಾಗವಿಲ್ಲದೆ ಆ ಮೂಲೆಯಲ್ಲಿ ಇಟ್ಟರೆ ಬೆಳಗ್ಗೆ ಚಾಕುವಿನಲ್ಲಿ ಕತ್ತರಿಸುವಂಥ ಮೊಸರು! ಅಂದಿನಿಂದ ಅದೇ ಅದರ ಜಾಗ. ಆ ಮೂಲೆಗೆ ಗಾಳಿ ಕಡಿಮೆ ಎಂದು ನಾನು ಪಕ್ಕದ ಮನೆಯವರಿಗೂ ವಿವರಿಸಿದ್ದೆ. ಅವರು ತಮ್ಮ ಮನೆಯ ಮೂಲೆಯಲ್ಲಿ ಇಟ್ಟು ನೋಡಿ, ಆಗಲಿಲ್ಲವೆಂದು ಬಂದು ಹೇಳಿದ್ದರು. ನಾನು ಅವರ ಹಾಲನ್ನೇ ಅನುಮಾನಿಸಿದ್ದೆ.

ಕ್ರೋಷಾ ಬಟ್ಟೆಯ ಕೆಳಗೆ ಕೈಯಿಟ್ಟೆ. ಜ್ವರ ಬಂದ ಮಗುವಿನ ಬೆನ್ನಿನಷ್ಟು ಬೆಚ್ಚಗಿತ್ತು. ಕಿವಿ ಹತ್ತಿರ ತಂದೆ. ಗುಂಯ್. ಫ್ರಿಜ್ಜಿನ ತಪ್ಪೇನೂ ಇರಲಿಲ್ಲ.

"ರೀ, ಕಂಪ್ಯೂಟರ್ ಆಫ್ ಮಾಡಿದೀರಾ?"

"ದಿನಾ ಮಾಡ್ತೀನಲ್ಲ. ನೋಡು, ಸ್ಕ್ರೀನ್ ಕಪ್ಪಗಿದೆ."

"ಅದು ಟೀವಿ ಅಲ್ಲ ರೀ. ಸ್ಕ್ರೀನ್ ಒಂದೇ ಆರಿಸಿದ್ರೆ ಪೆಟ್ಟಿಗೆ ನಿಲ್ಲುತ್ತಾ?"

"ಬಟ್ಟೆ ಬೇರೆ ಹೊದಿಸ್ತೀನಿ."

"ಬಟ್ಟೆ ಹೊದಿಸಿದ್ರೆ ಮಲ್ಕೊಳಕ್ಕೆ ಅದೇನು ಗಿಣಿನಾ?"

ಅವರು ಎದ್ದು ಬಂದು, ಪೆಟ್ಟಿಗೆಯನ್ನು ಮುಟ್ಟಿ, ಕೈ ಹಿಂದಕ್ಕೆ ತೆಗೆದುಕೊಂಡು, "ಅರೆ," ಎಂದರು. ಸ್ಕ್ರೀನ್ ಹಾಕಿದೆವು. ಒಳಗೆ ಒಂದು ಫುಟ್‌ಬಾಲ್ ಮ್ಯಾಚ್, ಅದರ ಪಕ್ಕ ‘ಅಪ್‌ಲೋಡಿಂಗ್’ ಎಂಬ ಅಕ್ಷರ.

ಯಜಮಾನರು ಒಂದು ಕಾಲದಲ್ಲಿ ತಮ್ಮ ಕಾರ್ಖಾನೆಯ ತಂಡಕ್ಕೆ ಲೆಫ್ಟ್ ಔಟ್ ಆಡಿದವರು. ನಮ್ಮ ಹಲಸೂರು, ಗೌತಮಪುರದ ಕಡೆ ಗಲ್ಲಿಗೊಂದು ಫುಟ್‌ಬಾಲ್ ತಂಡ. ಅವರು ಆಡಿದ ಒಂದು ಫೈನಲ್ಲನ್ನು ಯಾರೋ ವಿಡಿಯೋ ಕ್ಯಾಸೆಟ್ಟಿನಲ್ಲಿ ಹಿಡಿದಿದ್ದರು. ಅದನ್ನು ಶಿವಾಜಿನಗರದ ಅಂಗಡಿಯೊಂದರಲ್ಲಿ ಕಂಪ್ಯೂಟರಿಗೆ ಹಾಕಿಸಿಕೊಂಡು ಬಂದಿದ್ದರು. ತಂಡದವರೆಲ್ಲ ಬಾಣಸವಾಡಿ, ಕೆ.ಆರ್. ಪುರ, ಇನ್ನೆಲ್ಲೆಲ್ಲೋ ಚೆದುರಿದ್ದಾರೆ, ಕೆಲವರು ಇಲ್ಲವೇ ಇಲ್ಲ. ಇದ್ದವರೂ, ಇಲ್ಲದವರ ಮಕ್ಕಳೂ ನೋಡಲಿ ಎಂದು ಆ ಮ್ಯಾಚನ್ನು ತಾನಾಗಿಯೇ ಇಂಟರ್ನೆಟ್ಟಿಗೆ ಏರುವಂಥ ಒಂದು ಫೋಲ್ಡರಿನಲ್ಲಿ ಇಟ್ಟಿದ್ದರು. ಅಷ್ಟೇ ಆಗಿದ್ದರೆ ಒಂದು ಸಲ ಹೋಗಿ ಮುಗಿಯುತ್ತಿತ್ತು. ಆದರೆ ಚಿತ್ರದಲ್ಲಿ ಕಾಣುವ ಒಬ್ಬೊಬ್ಬ ಆಟಗಾರನ ಕೆಳಗೂ ಅವನ ಹೆಸರು ಬರೆಯಬೇಕೆಂಬುದು ಅವರ ಆಸೆ. ಹೆಸರುಗಳು ಒಟ್ಟಿಗೆ ನೆನಪಾಗುತ್ತಿರಲಿಲ್ಲ. ಸ್ನಾನ ಮಾಡುವಾಗ ಒಂದು, ಸಾರು ಕಲಸುವಾಗ ಒಂದು. "ಸಿಕ್ಕಿದ!" ಎಂದು ಕೂಗಿ, ಕೈ ತೊಳೆದು ಓಡಿಹೋಗಿ ಬರೆದು, ಸೇವ್ ಮಾಡಿ, ಸ್ಕ್ರೀನ್ ಆರಿಸಿ, ಬಟ್ಟೆ ಹೊದಿಸಿ ಬರುತ್ತಿದ್ದರು. ಭಾನುವಾರ ಮಾಂಸದೂಟ. ಆವತ್ತು ನೆನಪು ಹೆಚ್ಚು ಚುರುಕು.

"ನೀವು ಒಂದು ಅಕ್ಷರ ಸೇರ್ಸಿದ್ರೂ ಅದಕ್ಕೆ ಇದು ಹೊಸ ಮ್ಯಾಚೇ ರೀ. ಮೊದಲಿಂದ ಕಳಿಸುತ್ತೆ. ಅದು ಮುಗಿಯೋದ್ರೊಳಗೆ ನೀವು ಇನ್ನೊಬ್ರನ್ನ ನೆನಪು ಮಾಡ್ಕೊಂಡಿರ್ತೀರ."

"ಅಂದ್ರೆ, ನಂಗೆ ಒಬ್ಬೊಬ್ಬನ ಹೆಸ್ರು ಹೊಳೆದಾಗ್ಲೂ ಇಡೀ ಫೈನಲ್ ಮತ್ತೆ ಹೋಗುತ್ತಾ?"

"ಕಿಕ್-ಆಫ್‌ನಿಂದ."

ಅವರ ಮುಖದಲ್ಲಿ ಪಶ್ಚಾತ್ತಾಪ ಬರಬೇಕಿತ್ತು. ಬಂದದ್ದು ಒಂದು ಬಗೆಯ ಸಂತೋಷ. ಆಮೇಲೆ ನನ್ನ ಮುಖ ನೋಡಿ ಅದನ್ನು ಒಳಕ್ಕೆ ಎಳೆದುಕೊಂಡರು. "ಹಂಗಾದ್ರೆ ನಿಲ್ಲಿಸಿಬಿಡ್ಲಾ? ಅವ್ರಿಗೆ ನಿನ್ನ ಬಾಯಿ ಕಾಣ್ಬೇಕಲ್ಲ," ಎಂದರು. ಕ್ರೋಷಾ ಬಟ್ಟೆಯನ್ನು ಮಡಿಸುತ್ತ, "ಆಮೇಲೆ ಬರಿಯೋಣ ಅಂದ್ರೆ ಹೆಸ್ರು ಹೋಗಿಬಿಡುತ್ತೆ. ಅದೇ ಭಯ," ಎಂದರು.

ಅದೇ ಭಯವನ್ನು ಹಿಂದಿನ ಭಾನುವಾರ ನಾನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದೆ. "ಯಾಕ್ ನಿಲ್ಲಿಸ್ಬೇಕು?" ಎಂದೆ. ಕಳುಹಿಸುವ ಫೋಲ್ಡರಿನಿಂದ ಮ್ಯಾಚನ್ನು ಹೊರಗೆ ತೆಗೆದು, ಸುಮ್ಮನೆ ಇರುವ ಬೇರೊಂದು ಫೋಲ್ಡರಿಗೆ ಹಾಕಿಕೊಟ್ಟೆ. "ಇಲ್ಲಿ ಎಷ್ಟ್ ಬೇಕಾದ್ರೂ ಬರೀರಿ, ಹೊಳೆದ ತಕ್ಷಣ ಬರೀರಿ. ಇದು ಎಲ್ಲಿಗೂ ಹೋಗಲ್ಲ. ಎಲ್ಲಾ ಮುಗಿದ ಮೇಲೆ ಒಂದ್ಸಲ ಆ ಕಡೆ ಹಾಕೋಣ."

"ಮುಗಿಯೋದು ಯಾವಾಗ?"

"ನಿಮ್ಮ ಗೋಲ್‌ಕೀಪರ್ ಹೆಸ್ರು ಸಿಕ್ಕಿದ ಮೇಲೆ."

"ಅವನ್ದಾ? ಅದು ಬಾಯಿ ತುದೀಲೇ ಇದೆ."

ಪೆಟ್ಟಿಗೆಯನ್ನು ನಿಜವಾಗಿ ಆರಿಸುವುದು ಹೇಗೆಂದು ತೋರಿಸಿದೆ. ಗುಂಯ್ ನಿಧಾನಕ್ಕೆ ಇಳಿದು ನಿಂತಿತು. ಹಾಲ್ ಇದ್ದಕ್ಕಿದ್ದಂತೆ ದೊಡ್ಡದಾದ ಹಾಗಾಯಿತು. ಡಬ್ಬಿಯಲ್ಲಿ ಪಟಪಟ ಮಿನುಗುತ್ತಿದ್ದ ದೀಪ ಆರಿತು. ಫೋನಿನ ಮುಳ್ಳು ಎದ್ದು, ಅದರ ಜಾಗಕ್ಕೆ ಹೋಗಿ ನಿಂತುಕೊಂಡಿತು. ಮರುದಿನ ಮೊಸರು ಹಾಲಾಗಿಯೇ ಉಳಿದಿತ್ತು. ಪಾತ್ರೆಯನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟೆ, ನಮ್ಮ ಅಮ್ಮ ಮಾಡುತ್ತಿದ್ದಂತೆ.

ಭಾನುವಾರ ಬಂತು. ಲಿಪ್‌ಸ್ಟಿಕ್ ಹಾಕಿಕೊಂಡು, ಸಕ್ಕರೆ ಡಬ್ಬಿಗೆ ಟ್ಯಾಬ್ ಒರಗಿಸಿ, ಕಾಲ್ ಮಾಡಿದೆ. ಎಯ್ಟ್ ಹಸಿರು ಪರದೆಯ ಮುಂದೆ ಕುಳಿತಿದ್ದಳು, ಹೆಚ್ಚಿನ ಆಸೆಯಿಲ್ಲದ ಮುಖ ಮಾಡಿಕೊಂಡು. ನಾನು ಸಿಸ್ಟರ್ ಕಲಿಸಿದ ಹಾಗೆ ಬಾಯಿ ಪೂರ್ತಿ ತೆರೆದು, ಒಂದೊಂದು ಅಕ್ಷರವನ್ನೂ ಬಿಡಿಸಿ, "ನಂ-ಬರ್ ಪ್ಲೀ-ಸ್," ಎಂದೆ.

ಅವಳು ಮುಂದಕ್ಕೆ ಬಾಗಿದಳು. ನನ್ನ ಬಾಯಿಯನ್ನೇ ನೋಡಿದಳು. ನಾನು ಇನ್ನೊಮ್ಮೆ ಹೇಳಿದೆ. ಅವಳ ಕಣ್ಣು ಮುಚ್ಚಿಕೊಂಡಿತು, ಕಿವಿಗೆ ಹೆಡ್‌ಸೆಟ್ ಒತ್ತಿ ಹಿಡಿದು ಮಂದ ಲೈನಿನಲ್ಲಿ ಆಲಿಸುವಾಗ ಮುಚ್ಚಿಕೊಳ್ಳುತ್ತಿದ್ದ ಹಾಗೆಯೇ.

"ಬಂತು," ಎಂದಳು. "ಬಂತು ಕಣೇ. ಅದೇ ದರಿದ್ರ ವಾಯ್ಸು."

ಹಿಂದಿನಿಂದ ಯಜಮಾನರು ತಲೆ ತೂರಿಸಿ ಕೈಮುಗಿದರು. "ಏನಂತೆ ನಿಮ್ಮ ಲೆಫ್ಟ್ ಔಟು?" ಎಂದಳು ಅವಳು. ನಾನು ಮೊಸರಿನಿಂದ ಶುರುಮಾಡಿ ಇಡೀ ಕಥೆ ಹೇಳಿದೆ. ಒಂದು ಪದವೂ ಅವಳಿಗೆ ತಪ್ಪಲಿಲ್ಲ. ನಗು ತಡೆಯಲಾಗದೆ ದುಪಟ್ಟಾದಿಂದ ಮುಖ ಒರೆಸಿಕೊಂಡಳು. "ಅರೇ, ಮೊಸರಿಗೆ ಗೊತ್ತಿತ್ತು, ಸೆವೆನ್‌ಗೆ ಗೊತ್ತಿರ್ಲಿಲ್ಲ!" ಎಂದು ತಂಗಿಯನ್ನು ಕೂಗಿ ಕರೆದು ಅವಳಿಗೂ ಹೇಳಿದಳು.

ಆಮೇಲಿನ ಭಾನುವಾರಗಳು ಚೆನ್ನಾಗಿದ್ದವು. ಬೇಸಿಗೆ ಬಂತು. ಅವಳು ಮಾವಿನಕಾಯಿ ಹೆಚ್ಚುತ್ತ ಮಾತಾಡುತ್ತಿದ್ದಳು, ನಾನು ಹುರುಳಿಕಾಯಿ ಸೋಸುತ್ತ. ಮುಖ್ಯವಾದದ್ದೇನೂ ಅಲ್ಲ. ಸೂಪರ್‌ವೈಸರಿನ ಹೈ ಹೀಲ್ಸ್, ಬೋರ್ಡಿನ ಕೆಳಗೆ ಮುಚ್ಚಿಟ್ಟುಕೊಂಡು ತಿನ್ನುತ್ತಿದ್ದ ಸಮೋಸ, ಮಾತು ಮುಗಿದರೂ ಫೋನ್ ಇಡಲೊಲ್ಲದೆ ಸುಮ್ಮನೆ ಉಸಿರಾಡುತ್ತಿದ್ದ ಪ್ರೇಮಿಗಳು. ಕಾಲ್ ಮುಗಿಸುವಾಗ ಅವಳು, ಟ್ರಂಕ್ ಕಾಲಿನ ಮೂರು ನಿಮಿಷ ತೀರಿದಾಗ ನಾವು ಎಚ್ಚರಿಸುತ್ತಿದ್ದ ಹಾಗೆಯೇ, ಮೂಗಿನ ದನಿಯಲ್ಲಿ "ತ್ರೀ ಮಿನಿಟ್ಸ್ ಓವರ್" ಎಂದು, ಗಾಳಿಯಲ್ಲಿ ವೈರು ಕಿತ್ತಂತೆ ಕೈ ಮಾಡುತ್ತಿದ್ದಳು. ಆಗ ನಾನು ಕಟ್ ಮಾಡಬೇಕು. ಅದು ರೂಢಿ.

ಅವಳು ತೀರಿಕೊಳ್ಳುವ ಮುಂಚೆ ನಾನು ಅವಳನ್ನು ಕೊನೆಯ ಸಲ ನೋಡಿದ್ದು ಅಂಥದ್ದೇ ಒಂದು ಮಧ್ಯಾಹ್ನ. ಮಾತಿನ ನಡುವೆ, ನಾನು ಏನೋ ಕೇಳಿದ್ದಕ್ಕೆ ಉತ್ತರ ಕೊಡಲು ಬಾಯಿ ತೆರೆದವಳು, ಹಾಗೆಯೇ ನಿಂತುಬಿಟ್ಟಳು. ಕೈ ಅರ್ಧ ಮೇಲೆ, ಬಾಯಿ ತೆರೆದಂತೆಯೇ. ಎದ್ದು ಡಬ್ಬಿಯಲ್ಲಿ ಕಂಪ್ಯೂಟರ್ ವೈರಿನ ದೀಪ ನೋಡಿದೆ. ಆರಿತ್ತು. ಮೂಲೆಯ ಕಂಪ್ಯೂಟರಿನ ಬಟ್ಟೆಯ ಕೆಳಗೆ ಕೈಯಿಟ್ಟೆ. ತಣ್ಣಗಿತ್ತು. "ರೀ, ಏನಾದ್ರೂ ಸೇವ್ ಮಾಡಿದ್ರಾ?" ಎಂದು ಕೂಗಿದೆ. "ಇಲ್ಲಪ್ಪಾ, ಗೋಲ್‌ಕೀಪರ್ ಇನ್ನೂ ಸಿಕ್ಕಿಲ್ಲ," ಎಂದರು ಒಳಗಿನಿಂದ. ಮರಳಿ ಬಂದು ಟ್ಯಾಬಿನ ಮುಂದೆ ಬಾಗಿ ನೋಡಿದೆ. ಅವಳು ಹಾಗೆಯೇ ಇದ್ದಳು, ಡೆಂಟಿಸ್ಟ್ ಹತ್ತಿರ ಕುಳಿತಂತೆ. ಅವಳ ಹಿಂದಿನ ಹಸಿರು ಪರದೆ ಮಾತ್ರ ಫ್ಯಾನಿನ ಗಾಳಿಗೆ ಮೆಲ್ಲಗೆ ಅಲುಗುತ್ತಿತ್ತು.

"ಏ ಎಯ್ಟ್," ಎಂದೆ. "ಪರದೆ ಅಲ್ಲಾಡ್ತಾ ಇದೆ."

ಅವಳು ಇನ್ನೂ ಒಂದು ಗಳಿಗೆ ತಡೆದಳು. ತುಟಿಯ ತುದಿ ಮೊದಲು ನಡುಗಿತು, ಆಮೇಲೆ ಭುಜ. ಆಮೇಲೆ ಅವಳು ತಲೆ ಹಿಂದಕ್ಕೆ ಎಸೆದು, ಟ್ಯಾಬಿನ ಸ್ಪೀಕರ್ ಒಡೆಯುವಂತೆ ನಕ್ಕಳು. ನಗುತ್ತಲೇ ಕೈಯೆತ್ತಿ ಗಾಳಿಯಲ್ಲಿ ವೈರು ಕಿತ್ತಳು.